ಜಲಪಾತದ ಬಳಿ ಉಳಿದುಹೋದವಳು

ಯುರಾಕ್‌ಯಾಕು ಎಂಬ ಬೆಟ್ಟದ ಹಳ್ಳಿಯಲ್ಲಿ ದೊಮಿತಿಲಾಳನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಇರಲಿಲ್ಲ. ಗಂಡ ರೂಫಿನೋ "ಇವಳೇ" ಎನ್ನುತ್ತಿದ್ದ. ಅಕ್ಕಪಕ್ಕದವರಿಗೆ ಅವಳು ಲುಸ್ಮಿಯ ಅಮ್ಮ. ಅತ್ತೆ ಸತುರ್ನಿನಾ ಮಾತ್ರ, ಸೊಸೆ ಹೊಸ್ತಿಲು ದಾಟಿ ಒಳಗೆ ಬಂದ ದಿನದಿಂದ, "ಪಟ್ಣದೋಳು" ಎಂದೇ ಕರೆದದ್ದು.

ಹಾಗೆ ಕರೆಸಿಕೊಳ್ಳುವುದಕ್ಕೆ ಕಾರಣವೂ ಇತ್ತು. ದೊಮಿತಿಲಾ ಹುಟ್ಟಿ ಬೆಳೆದದ್ದು ವಾರಾಸ್ ಪೇಟೆಯಲ್ಲಿ, ಅವಳ ತಾಯಿ ಬ್ರೆಡ್ಡು ಮಾರುತ್ತಿದ್ದ ಕೈಗಾಡಿಯ ಪಕ್ಕದಲ್ಲಿ. ದಾದಿಯರ ಶಾಲೆಗೆ ಎರಡು ವರ್ಷ ಹೋಗಿದ್ದಳು. ತಾಯಿ ತೀರಿಕೊಂಡ ಮೇಲೆ ಅದು ಅರ್ಧಕ್ಕೇ ನಿಂತಿತು. ರೋಗ ವಾಸಿ ಮಾಡುವ ವಿದ್ಯೆ ಅವಳ ಕೈಗೆ ಪೂರ್ತಿ ಬರಲಿಲ್ಲ, ರೋಗಗಳ ಹೆಸರುಗಳು ಮಾತ್ರ ತಲೆಯಲ್ಲಿ ಉಳಿದವು. ಹೀಗಾಗಿ ಲುಸ್ಮಿ ಹುಟ್ಟಿದ ಮೇಲೆ ಒಂದು ಸೀನು ಕೇಳಿದರೂ ದೊಮಿತಿಲಾಳ ಎದೆಯಲ್ಲಿ ಏಳೆಂಟು ರೋಗಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಹಳ್ಳದ ನೀರನ್ನು ಎರಡು ಸಲ ಕುದಿಸುವಳು. ಊಟಕ್ಕೆಂದು ಸಾಕಿ ಅಡುಗೆಮನೆಯಲ್ಲಿ ಬಿಟ್ಟ ಗಿನಿಯಿಲಿಗಳನ್ನು ಮಗುವಿನ ಹತ್ತಿರ ಬಿಡುವವಳಲ್ಲ. ಮಲಗಿದ ಮಗುವಿನ ಮೂಗಿನ ಮುಂದೆ ಬೆರಳು ಹಿಡಿದು ಉಸಿರು ನೋಡುವಳು.

"ಅದು ಹಿಮದಿಂದ ಇಳಿದ ನೀರು ಕಣೇ, ಅದಕ್ಕಿಂತ ಚೊಕ್ಕ ನೀರು ಎಲ್ಲಿದೆ?" ಎಂದು ಅತ್ತೆ ದಿನಾ ರೇಗುತ್ತಿದ್ದಳು. "ನಾನು ಆರು ಹೆತ್ತೆ. ಒಂದಕ್ಕೂ ನೀರು ಕುದಿಸ್ಲಿಲ್ಲ."

"ಆರರಲ್ಲಿ ಉಳಿದಿದ್ದೆಷ್ಟು ಅತ್ತೆ?"

"ನಾಲ್ಕು. ಇನ್ನೆರಡು ನೀರಿಂದ ಸಾಯ್ಲಿಲ್ಲ, ಸುಮ್ನಿರು."

ಗಣಿಯಲ್ಲಿ ಕೆಲಸ ಮಾಡುತ್ತಿದ್ದ ರೂಫಿನೋ ಹದಿನಾಲ್ಕು ದಿನ ಅಲ್ಲಿರುತ್ತಿದ್ದ, ಏಳು ದಿನ ಮನೆಯಲ್ಲಿ. ಆ ಹದಿನಾಲ್ಕು ದಿನ ಅತ್ತೆ ಸೊಸೆಯರಿಗೆ ಜಗಳವೇ ರೇಡಿಯೋ. ಎಲ್ಲಕ್ಕಿಂತ ಜೋರಾಗಿ ನಡೆಯುತ್ತಿದ್ದದ್ದು ಟೋಕೋಶಿನ ಜಗಳ. ಹಳ್ಳದ ಪಕ್ಕದಲ್ಲಿ ಗುಂಡಿ ತೋಡಿ, ಹುಲ್ಲು ಹಾಸಿ, ಆಲೂಗಡ್ಡೆ ತುಂಬಿ, ಮೇಲೆ ಕಲ್ಲು ಹೇರಿ, ಹರಿಯುವ ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಯಲು ಬಿಡುತ್ತಾರೆ. ತೆಗೆದಾಗ ಅದರ ನಾತ ಮೂರು ಮನೆಯಾಚೆಗೂ ಮುಟ್ಟುತ್ತದೆ. ಬೆಲ್ಲ ಹಾಕಿ ಗಂಜಿ ಕಾಸಿದರೆ ಸತುರ್ನಿನಾಳಿಗೆ ಅದು ಊಟ, ಔಷಧಿ ಎರಡೂ. ಸೊಸೆ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡುತ್ತಿದ್ದಳು. "ಮೂಗಿಗೆ ಕಿರೀಟ ಇಟ್ಕೊಂಡು ಹುಟ್ಟಿದಾಳೆ ಪಟ್ಣದೋಳು" ಎಂದು ಅತ್ತೆ ಹಿಂದಿನಿಂದ ಕೂಗುತ್ತಿದ್ದಳು.

ಆ ವರ್ಷ ಜೂನ್ ತಿಂಗಳಲ್ಲಿ ಸಂತ ಹ್ವಾನರ ಹಬ್ಬ ಬಂತು. ಅವತ್ತು ನೀರಿಗೆಲ್ಲ ಪುಣ್ಯ ಬರುತ್ತದೆ. ಊರಿನ ಮೇಲೆ, ಹಿಮಬೆಟ್ಟದ ಸೊಂಟದಿಂದ ಇಳಿಯುವ ಜಲಪಾತಕ್ಕೆ ಬಿಳಿಜಡೆ ಎಂದು ಹೆಸರು. ಅದರ ಬುಡದಲ್ಲಿ ಮಕ್ಕಳನ್ನು ಮೀಯಿಸಿದರೆ ವರ್ಷವಿಡೀ ಕೆಮ್ಮು ಸುಳಿಯುವುದಿಲ್ಲ. ಮೂರು ವರ್ಷದ ಮಗುವನ್ನು ಹಿಮದ ನೀರಲ್ಲಿ ಅದ್ದಿ ಕೆಮ್ಮು ಓಡಿಸುವ ತರ್ಕ ದೊಮಿತಿಲಾಳಿಗೆ ತಿಳಿಯಲಿಲ್ಲ. ಆದರೂ ಹೋದಳು. ಹೋಗದಿದ್ದರೆ ಮುಂದಿನ ಹಬ್ಬದವರೆಗಿನ ಕೆಮ್ಮೆಲ್ಲ ತನ್ನ ತಲೆಗೇ ಬರುತ್ತದೆಂದು ಗೊತ್ತಿತ್ತು.

ಮಂಡಿನೋವಿನ ಅತ್ತೆ ಬಾಗಿಲಲ್ಲೇ ನಿಂತು ಹೇಳಿದ್ದಳು: "ಬಿಸಿಲು ಜಡೆಯ ಬುಡ ಮುಟ್ಟೋದ್ರೊಳಗೆ ಹಳ್ಳ ದಾಟಿ ಈಚೆಗಿರ್ಬೇಕು. ಆಮೇಲೆ ಕಲ್ಲು ಕಾಣಲ್ಲ."

ಬೆಳಗಿನ ಹೊತ್ತು ಮೇಲೆ ಹಿಮ ಗಟ್ಟಿಯಾಗಿರುತ್ತದೆ. ಬಿಳಿಜಡೆ ಆಗ ಒಂದೆಳೆ ದಾರ, ಗಾಳಿ ಬೀಸಿದರೆ ನೆಲ ಮುಟ್ಟುವ ಮೊದಲೇ ಚದುರಿಹೋಗುತ್ತದೆ. ಹಳ್ಳದಲ್ಲಿ ಏಳು ಕಲ್ಲು, ಏಳು ಹೆಜ್ಜೆ, ದಾಟಿಬಿಡಬಹುದು. ಊರವರೆಲ್ಲ ಹಾಗೇ ದಾಟಿದರು, ಮಕ್ಕಳನ್ನು ಅದ್ದಿದರು, ಮಕ್ಕಳು ಕಿರುಚಿದವು, ಹುರಿದ ಜೋಳ ತಿಂದರು, ಹೊರಟರು. ದೊಮಿತಿಲಾ ಲುಸ್ಮಿಯ ಹಣೆಗೂ ಬೆರಳಿಗೂ ನೀರು ಮುಟ್ಟಿಸಿ ಸ್ನಾನವಾಯಿತೆಂದಳು. ಮಗು ಬೆನ್ನಿಗೆ ಕಟ್ಟಿದ ಕಂಬಳಿಯಲ್ಲೇ ನಿದ್ದೆಹೋಯಿತು. ಅವಳು ಒಂದು ಬಂಡೆಗೊರಗಿ ಕೂತಳು. ಮದುವೆಯಾಗಿ ಬಂದ ಐದು ವರ್ಷದಲ್ಲಿ ಕೈಯಲ್ಲಿ ಕೆಲಸವಿಲ್ಲದೆ ಕೂತದ್ದು ಅದೇ ಮೊದಲು. ತಲೆ ಎತ್ತಿದರೆ ಆಕಾಶದ ಅಂಚಿನಿಂದ ನೀರು, ನಿಧಾನವಾಗಿ, ಬೀಳಲು ಮನಸ್ಸಿಲ್ಲದಂತೆ ಇಳಿಯುತ್ತಿತ್ತು. ನೋಡುತ್ತಲೇ ಕೂತಳು. ಯಾವ ರೋಗದ ಹೆಸರೂ ನೆನಪಾಗಲಿಲ್ಲ.

ಎದ್ದಾಗ ಎರಡು ಗಂಟೆ. ಬಿಸಿಲಿಗೆ ಮೇಲಿನ ಹಿಮ ಕರಗಿ, ಜಡೆ ಬಿಚ್ಚಿ ಹರಡಿದಂತೆ ಜಲಪಾತ ಅಗಲವಾಗಿತ್ತು. ಏಳು ಕಲ್ಲುಗಳಲ್ಲಿ ಕಾಣುತ್ತಿದ್ದದ್ದು ಮೂರು. ನಾಲ್ಕನೆಯದು ಇರಬೇಕೆಂದು ಅವಳು ಅಂದಾಜಿನಲ್ಲಿ ಕಾಲಿಟ್ಟಳು.

ನೀರು ತಣ್ಣಗಿದೆ ಅನ್ನಿಸಲಿಲ್ಲ. ನೀರು ಅಂತಲೇ ಅನ್ನಿಸಲಿಲ್ಲ. ಸದ್ದು ನಿಂತಿತು. ಲುಸ್ಮಿಯ ಕೆಂಪು ಟೊಪ್ಪಿಗೆ ಕಣ್ಣ ಮುಂದೆ ತೇಲಿಹೋಯಿತು. ಟೊಪ್ಪಿಗೆ ಹೋಗುತ್ತಿದೆ ಎಂದುಕೊಂಡಳು. ಮಗು ಬೆನ್ನ ಮೇಲೆ ಮುಳುಗಿದೆ ಎಂಬುದೂ ಗೊತ್ತಿತ್ತು. ಎರಡೂ ಒಂದೇ ತೂಕದ ಸುದ್ದಿಗಳಾಗಿದ್ದವು.

ಕಾಲುವೆಗೆ ನೀರು ತಿರುಗಿಸಲು ಬಂದಿದ್ದ ನೀರಗಂಟಿ ಹಿಲಾರಿಯೋ ಗುದ್ದಲಿ ಎಸೆದು ಓಡಿಬಂದು, ಕಂಬಳಿಯ ಗಂಟಿಗೆ ಕೈಹಾಕಿ ಇಬ್ಬರನ್ನೂ ಒಟ್ಟಿಗೆ ಎಳೆದುಹಾಕಿದ. ಲುಸ್ಮಿ ನೀರು ಕಕ್ಕಿ, ಬೆಟ್ಟ ಬಿರಿಯುವಂತೆ ಅತ್ತಿತು. ಸಂಜೆಗೆ ಎರಡು ಆಲೂಗಡ್ಡೆ ತಿಂದು ಗಿನಿಯಿಲಿಯ ಬೆನ್ನುಹತ್ತಿ ಓಡಾಡಿತು. ಮಗುವಿಗೆ ಆದದ್ದು ಅಷ್ಟೇ.

ದೊಮಿತಿಲಾಳಿಗೆ ಆದದ್ದು ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ ಅವಳ ಕೈಗಳು ಎಲ್ಲ ಕೆಲಸವನ್ನೂ ಮಾಡುತ್ತಿದ್ದವು. ಬೆಂಕಿ ಹೊತ್ತಿಸಿದವು, ಕುರಿ ಬಿಟ್ಟವು, ಜಡೆ ಹೆಣೆದವು. ಒಳಗೆ ಮಾತ್ರ ಯಾರೂ ಇರಲಿಲ್ಲ. ಲುಸ್ಮಿ ಗೋಡೆಯಿಂದ ಬಿದ್ದು ಮೊಣಕೈ ತರಚಿಕೊಂಡ ದಿನ ಅವಳು ಹೋಗಿ ಎತ್ತಿಕೊಂಡಳು, ಚೀಲದಿಂದ ಉರುಳಿದ ಆಲೂಗಡ್ಡೆ ಎತ್ತಿದ ಹಾಗೆ. ಗುಡ್ಡದ ಮೇಲೆ ಫೋನು ಹಿಡಿಯುವ ಜಾಗಕ್ಕೆ ಹತ್ತಿ ಗಂಡನೊಂದಿಗೆ ಮಾತಾಡುವಾಗ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಅವನು ಮನೆಗೆ ಬಂದ ಏಳು ದಿನವೂ ಹಾಗೆಯೇ. ಮಲಗಿದ ಮಗುವಿನ ಮೂಗಿನ ಮುಂದೆ ಬೆರಳು ಹಿಡಿಯುವುದನ್ನು ಬಿಟ್ಟಳು. ಉಸಿರಾಡುತ್ತಿದ್ದರೆ ಆಡುತ್ತಿದೆ, ಅಷ್ಟೇ. ಹೀಗೆ ಯೋಚಿಸುತ್ತಿದ್ದೇನೆ ಎಂದು ತಿಳಿದಾಗಲಾದರೂ ಗಾಬರಿಯಾಗಬೇಕಿತ್ತು, ಆಗಲಿಲ್ಲ. ತಾಯಾದವಳಿಗೆ ಮಗುವಿನ ಮೇಲೆ ಏನೂ ಅನ್ನಿಸುವುದಿಲ್ಲ ಎಂದು ಯಾವ ಬಾಯಿಂದ ಹೇಳುವುದು? ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಲುಸ್ಮಿ ನಿದ್ದೆಯಲ್ಲಿ ಎದ್ದು ಅಳತೊಡಗಿತು. ಸತುರ್ನಿನಾ ಕೂಡಲೇ ತೀರ್ಮಾನಿಸಿದಳು: ಮಗು ಬೆಚ್ಚಿಬಿದ್ದಿದೆ, ಅದರ ಜೀವ ಬಿಳಿಜಡೆಯ ಹತ್ತಿರವೇ ಉಳಿದಿದೆ. ಬೆಚ್ಚಿದವರ ಜೀವ ಬೆಚ್ಚಿದ ಜಾಗದಲ್ಲಿ ದಾರಿತಪ್ಪಿದ ಕುರಿಮರಿಯಂತೆ ನಿಂತಿರುತ್ತದೆ. ಅವರ ಬಟ್ಟೆ ಒಯ್ದು, ಗುರುತಿನ ದನಿಯವರು ಹೆಸರು ಹಿಡಿದು ಕೂಗಿ, ಆ ಬಟ್ಟೆಯನ್ನು ನೆಲದ ಮೇಲೆ ಎಳೆಯುತ್ತಾ ಮನೆಗೆ ಕರೆತರಬೇಕು. ಮುದುಕಿ ಮಂಡಿಗೆ ಬಟ್ಟೆ ಬಿಗಿದುಕೊಂಡು ಜುಲೈಯಲ್ಲಿ ಒಂದು ಸಲ, ಆಗಸ್ಟಿನಲ್ಲಿ ಒಂದು ಸಲ ಬೆಟ್ಟ ಹತ್ತಿ ಮೊಮ್ಮಗಳನ್ನು ಕರೆದಳು. ಎರಡೂ ಸಲ ದೊಮಿತಿಲಾ ಮಗುವಿನ ಅಂಗಿ ಮಡಚಿ ಕೊಟ್ಟು ಕಳಿಸಿದಳು. ಉಳಿದಿರುವುದು ಮಗುವಲ್ಲ ಎಂದು ಅವಳಿಗೆ ಗೊತ್ತಿತ್ತು. ಮಗುವಿನ ಅಳು ಯಾತಕ್ಕೆಂದೂ ಗೊತ್ತಿತ್ತು. ಮೊದಲು ಕೈಚಾಚಿದರೆ ಸಿಗುತ್ತಿದ್ದ ಅಮ್ಮ ಈಗ ಪಕ್ಕದಲ್ಲೇ ಮಲಗಿದ್ದರೂ ಸಿಗುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಟೋಕೋಶ್ ಗುಂಡಿ ತೆರೆದರು. ಹುಲ್ಲು ಸರಿಸುತ್ತಿದ್ದಂತೆ ಹಳ್ಳದಾಚೆಯ ಕುರಿಗಳೂ ತಲೆ ಎತ್ತಿದವು. ಸತುರ್ನಿನಾ ಬೆಳ್ಳಗೆ ಕೊಳೆತು ಮೆತ್ತಗಾದ ಆಲೂಗಡ್ಡೆಯೊಂದನ್ನು ತೆಗೆದು ಬೇಕೆಂದೇ ಸೊಸೆಯ ಮೂಗಿನ ಕೆಳಗೆ ಹಿಡಿದಳು. ದೊಮಿತಿಲಾ ಅದನ್ನು ಇಸಕೊಂಡು ಸಿಪ್ಪೆ ಸುಲಿಯತೊಡಗಿದಳು.

ಮುದುಕಿ ಕೈಕೆಲಸ ನಿಲ್ಲಿಸಿದಳು. "ವಾಸನೆ ಬರಲ್ವೇನೇ?"

"ಬರುತ್ತೆ."

"ಮತ್ತೆ?"

"ಮತ್ತೇನು?"

ಸತುರ್ನಿನಾ ಗುಂಡಿಯ ಅಂಚಿನಲ್ಲಿ ಕುಕ್ಕರಿಸಿದಳು. ಸೊಸೆಯ ಮುಖವನ್ನೇ ನೋಡಿದಳು. "ನೀನು ನನ್ ಜೊತೆ ಜಗಳ ಆಡಿ ಎಷ್ಟು ದಿನ ಆಯ್ತು?"

"ಗೊತ್ತಿಲ್ಲ ಅತ್ತೆ."

"ಮೊನ್ನೆ ಮಗೂಗೆ ಹಳ್ಳದ ನೀರು ಹಂಗೇ ಕುಡಿಸ್ದೆ. ನಿನ್ನ ಎದುರಿಗೇ. ನೋಡ್ತಾ ಕೂತಿದ್ದೆ ನೀನು. ನಾನು ಗೆದ್ದೆ ಅನ್ಕೊಂಡಿದ್ದೆ." ಅವಳ ದನಿ ಸಣ್ಣಗಾಯಿತು. "ಮಗು ಅಲ್ಲ, ಅಲ್ವಾ? ಅಲ್ಲಿ ಇರೋದು ನೀನು."

ದೊಮಿತಿಲಾ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಅವಳು ನೀರಲ್ಲಿ ಮುಳುಗಿದ್ದಾಗ ನಂಗೆ ಏನೂ ಅನ್ನಿಸ್ಲಿಲ್ಲ ಅತ್ತೆ. ಆಮೇಲೂ ಅನ್ನಿಸ್ಲಿಲ್ಲ. ಈಗಲೂ ಇಲ್ಲ. ಅವಳನ್ನ ನೋಡಿದ್ರೆ ಯಾರದೋ ಮಗು ನೋಡಿದ ಹಾಗಿರುತ್ತೆ." ಇದನ್ನೆಲ್ಲ ಅವಳು ಉಪ್ಪು ಮುಗಿದಿದೆ ಎಂದು ಹೇಳುವ ದನಿಯಲ್ಲೇ ಹೇಳಿದಳು.

ಅತ್ತೆ ಹೊಡೆಯಬಹುದು, ಬಯ್ಯಬಹುದು, ಮಗನಿಗೆ ಹೇಳಬಹುದು. ಏನು ಮಾಡಿದರೂ ಸರಿ ಎಂದು ಕಾದಳು.

"ಇದನ್ನ ಮುಂಚೆ ಬೊಗಳೋಕೆ ಏನಾಗಿತ್ತೇ ನಿಂಗೆ?" ಸತುರ್ನಿನಾ ಎದ್ದು ನಿಂತಳು. "ಎರಡು ಸಲ! ಈ ಮಂಡಿ ಇಟ್ಕೊಂಡು ಎರಡು ಸಲ ಹತ್ತಿದೀನಿ ಆ ಬೆಟ್ಟಾನ! ಮನೇಲಿ ಆಡ್ಕೊಂಡಿರೋ ಮಗೂನ ಬಾ ಬಾ ಅಂತ ಬಂಡೆ ಮುಂದೆ ಕೂಗಿದೀನಿ! ಆ ಬೆಟ್ಟ ನನ್ನ ಏನಂದ್ಕೊಂಡಿರುತ್ತೆ?"

ಬಯ್ಗುಳ ಮುಗಿದ ಮೇಲೆ ಕೇಳಿದಳು: "ಅವತ್ತು ಹಾಕ್ಕೊಂಡಿದ್ದ ಸ್ವೆಟರು ಎಲ್ಲಿದೆ?"

ಶುಕ್ರವಾರ ಹೊರಟರು. ಲುಸ್ಮಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರು. ಜೀವ ಹೋದ ಹೊತ್ತಿಗೇ ಕರೆಯಬೇಕು, ಆದ್ದರಿಂದ ಎರಡು ಗಂಟೆಗೆ ಅಲ್ಲಿರಬೇಕು. ಸತುರ್ನಿನಾ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು, ದಣಿವು ಮರೆಸುವ ಕೋಕಾ ಎಲೆ ಅಗಿಯುತ್ತಾ, ಸೊಸೆಯ ಹಸಿರು ಸ್ವೆಟರನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿದಳು.

"ಬರುವಾಗ ಹಿಂದೆ ತಿರುಗಿ ನೋಡ್ಬಾರ್ದು. ಮಾತೂ ಆಡ್ಬಾರ್ದು. ನೀನಂತೂ ಈಗ ಆಡಲ್ಲ, ನನಗೇ ಕಷ್ಟ."

"ನನ್ನ ಕರೆದ್ರೆ ಬರುತ್ತಾ ಅತ್ತೆ?"

"ಬರದೆ ಏನು? ಅಲ್ಲಿ ಏನಿದೆ ತಿನ್ನೋಕೆ?"

ಜಲಪಾತ ಅವತ್ತಿನಂತೆಯೇ ಇತ್ತು, ಇನ್ನೂ ದಪ್ಪವಾಗಿ. ತಲೆ ಎಷ್ಟೆತ್ತಿದರೂ ಅದರ ತುದಿ ಕಾಣುತ್ತಿರಲಿಲ್ಲ. ತುಂತುರು ಮುಖಕ್ಕೆ ರಾಚುತ್ತಿತ್ತು, ಹಳ್ಳದಲ್ಲಿ ಒಂದೇ ಒಂದು ಕಲ್ಲು ನೆತ್ತಿ ತೋರಿಸುತ್ತಿತ್ತು. ದೊಮಿತಿಲಾ ಅವತ್ತು ಒರಗಿ ಕೂತಿದ್ದ ಬಂಡೆಯನ್ನೂ ನಾಲ್ಕನೆಯ ಕಲ್ಲು ಇರಬೇಕಾದ ಜಾಗವನ್ನೂ ನೋಡಿದಳು. ಹೆದರಿಕೆಯಾಗಲಿಲ್ಲ. ಅಳುವೂ ಬರಲಿಲ್ಲ.

ಸತುರ್ನಿನಾ ಜೋಳದ ಹಿಟ್ಟು ಎರಚಿದಳು, ಮಿಠಾಯಿ ಎಸೆದಳು, ಸಾರಾಯಿ ಚಿಮುಕಿಸಿದಳು, ಒಂದು ಗುಟುಕು ತಾನೂ ಕುಡಿದಳು. ಆಮೇಲೆ ನೆಟ್ಟಗೆ ನಿಂತು, ಸ್ವೆಟರ್ ಮೇಲೆತ್ತಿ ಬೀಸುತ್ತಾ, "ದೊಮಿತಿಲಾ!" ಎಂದು ಕೂಗಿದಳು. "ಬಾ ದೊಮಿತಿಲಾ! ಮನೆಗೆ ಹೋಗೋಣ ಬಾ!"

ಮತದಾರರ ಪಟ್ಟಿ ಓದುವವರ ದನಿ ಹಾಗಿರುತ್ತದೆ. ಮೂರು ಸಲ ಕೂಗಿದಳು. ಮೂರು ಸಲವೂ ನೀರು ಅದನ್ನು ನುಂಗಿತು. ಅತ್ತೆ ಇನ್ಯಾರನ್ನೋ ಕರೆಯುತ್ತಿದ್ದಾಳೆ ಎಂದು ದೊಮಿತಿಲಾಳಿಗೆ ಅನ್ನಿಸಿತು.

ಮುದುಕಿ ಕೈ ಇಳಿಸಿದಳು. "ಬರ್ತಿಲ್ಲ."

"ಹೇಗೆ ಗೊತ್ತು?"

"ಈ ಹೆಸರು ಹಿಡಿದು ನಿನ್ನನ್ನ ನಾನು ಯಾವತ್ತಾದ್ರೂ ಕರೆದಿದ್ದೀನಾ? ನಿನ್ ತಾಯಿ ಇದ್ದಿದ್ರೆ ಅವಳು ಕರೀಬೇಕಿತ್ತು. ನನ್ನ ಬಾಯಲ್ಲಿ ಬಂದ್ರೆ ಯಾರೋ ಸರ್ಕಾರದೋರು ಅನ್ಕೊಳುತ್ತೆ ಅದು."

ಆಮೇಲೆ ಲಂಗ ಎತ್ತಿ ಕಟ್ಟಿ, ಮಂಡಿಗೆ ಬಿಗಿದ ಬಟ್ಟೆಯ ಸಮೇತ, ಆ ಹಿಮದ ನೀರಿಗೆ ಇಳಿದಳು. ಮಂಡಿಯವರೆಗೆ ನೀರು ಬಂತು. ಸ್ವೆಟರನ್ನು ನೀರಿಗೆ ಬಡಿದಳು, ಬಟ್ಟೆ ಒಗೆಯುವಂತೆ.

"ಏ ಪಟ್ಣದೋಳೇ! ಕೇಳ್ಸುತ್ತೇನೇ? ಬಾರೇ ಈಚೆಗೆ! ನಾಲ್ಕು ತಿಂಗಳಿಂದ ಕೂತಿದ್ದೀಯಲ್ಲ, ನೀರು ನೋಡ್ಕೊಂಡು, ನಿಂಗೇನು ಮನೆ ಇಲ್ವಾ ಮಠ ಇಲ್ವಾ? ಒಲೆ ಆರಿಹೋಗಿದೆ! ನೀನು ಕುದಿಸೋ ನೀರು ಯಾರು ಕುದಿಸ್ಬೇಕು, ನಾನಾ? ನಾನು ಕುದಿಸಲ್ಲ, ಹೇಳಿದೀನಿ! ನಿನ್ ಮಗಳ ಕಾಲ್ಚೀಲ ಎಲ್ಲಿಟ್ಟಿದ್ದೀಯೋ ಗೊತ್ತಿಲ್ಲ, ಬರಿಗಾಲಲ್ಲಿ ಓಡಾಡ್ತಿದೆ ಮಗು! ಏ ಮೂಗಿನವಳೇ! ಬಾರೇ ಮನೆಗೆ! ನಾನೊಬ್ಳೇ ಎಷ್ಟು ದಿನ ಅಂತ ಮಾತಾಡ್ಲಿ ಆ ಮನೇಲಿ? ಗೋಡೆ ಜೊತೆ ಬಯ್ದಾಡ್ಲಾ ನಾನು? ಬಾರೇ, ಬಾರೇ ತಾಯಿ!"

ಕೊನೆಯ ಮಾತು ಅವಳಿಗೇ ಅರಿವಿಲ್ಲದೆ ಬಂದಿರಬೇಕು. ಒದ್ದೆ ಸ್ವೆಟರನ್ನು ಒಂದೇ ಜಗ್ಗಿಗೆ ದಂಡೆಗೆಳೆದು, ಹಿಂದೆ ನೋಡದೆ ಇಳಿಯತೊಡಗಿದಳು. ಹಸಿರು ಸ್ವೆಟರ್ ಕಲ್ಲುಮಣ್ಣಿನಲ್ಲಿ ಉರುಳುತ್ತಾ ಹಿಂದೆ ಬಂತು. ಅದರ ಹಿಂದೆ ದೊಮಿತಿಲಾ. ತಿರುವಿನಲ್ಲಿ ನೀರಗಂಟಿ ಹಿಲಾರಿಯೋ ಎದುರಾದ.

"ಏನ್ ಸತುರ್ನಿನಾ, ಸೊಸೆ ಸ್ವೆಟರ್‌ಗೆ ಏನ್ ಶಿಕ್ಷೆ ಇದು?"

ಮುದುಕಿ ಕಣ್ಣು ದೊಡ್ಡದು ಮಾಡಿ ನೋಡಿದಳು.

"ಮಾತೇ ಆಡಲ್ವಾ? ಊರಿಗೆ ಮಳೆ ಬರೋ ಲಕ್ಷಣ ಇದು" ಎಂದವನು ಎಳೆದ ಬಟ್ಟೆಯ ಗೆರೆ ಕಂಡ ಕೂಡಲೇ ಟೊಪ್ಪಿ ತೆಗೆದು ದಾರಿ ಬಿಟ್ಟು ನಿಂತ.

ಮನೆ ಮುಟ್ಟುವ ಹೊತ್ತಿಗೆ ಬಿಸಿಲು ಹಳದಿಯಾಗಿತ್ತು. ಸತುರ್ನಿನಾ ಪಕ್ಕದ ಮನೆಯಿಂದ ಮಗುವನ್ನು ಎತ್ತಿಕೊಂಡು ಮೊದಲು ಒಳಗೆ ಹೋದಳು. ಮಣ್ಣು ಮೆತ್ತಿದ ಸ್ವೆಟರನ್ನು ಹೊಸ್ತಿಲಾಚೆ ನಿಂತ ಸೊಸೆಯ ಹೆಗಲಿಗೆ ಹೊದಿಸಿ, ಒಳಗಿನಿಂದ ಕೇಳಬೇಕಾದದ್ದನ್ನು ಕೇಳಿದಳು.

"ಬಂದ್ಯಾ?"

ಬಂದೆ ಎನ್ನಬೇಕು. ಎಲ್ಲರೂ ಹಾಗೇ ಅನ್ನುವುದು. ಒದ್ದೆ ಉಣ್ಣೆ ಹೆಗಲ ಮೇಲೆ ಭಾರವಾಗಿತ್ತು. ದೊಮಿತಿಲಾ ಒಳಗೆಲ್ಲ ಹುಡುಕಿ ನೋಡಿದಳು.

"ಗೊತ್ತಿಲ್ಲ ಅತ್ತೆ."

"ಗೊತ್ತಿಲ್ಲ ಅನ್ಬಾರ್ದು. ಬಂದೆ ಅನ್ನು. ಬಂದ್ಯಾ?"

"ಬಂದಿದ್ದೀನೋ ಇಲ್ವೋ ಗೊತ್ತಿಲ್ದೆ ಹೇಗೆ ಹೇಳ್ಲಿ?"

"ಹೇಳ್ಬೇಕು! ಹೇಳಿದ್ರೇ ಅದು ಒಳಗೆ ಬರೋದು!"

"ಹಾಗಾದ್ರೆ ನಾನು ಸುಳ್ಳು ಹೇಳಲಾ? ನಾಲ್ಕು ತಿಂಗಳು ಸುಳ್ಳು ಹೇಳಿ ಸಾಕಾಗಿದೆ ನಂಗೆ!"

ಅವಳ ದನಿ ಎತ್ತರವಾಗಿದ್ದದ್ದು ಅವಳಿಗೇ ಕೇಳಿಸಿತ್ತು. ಸತುರ್ನಿನಾ ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. "ಸರಿ. ಒಳಗೆ ಬಾ. ಚಳಿ."

ಒಲೆ ಹೊತ್ತಿತು. ಟೋಕೋಶ್ ಗಂಜಿ ಕುದಿಯಿತು. ಸೊಸೆಯ ಬಟ್ಟಲಿಗೆ ಅತ್ತೆ ತುಂಬ ಬಡಿಸಿ, ತನ್ನದನ್ನು ಮುಟ್ಟದೆ ಕೂತಳು. ಗುಂಡಿ ತೆರೆದಾಗಿನಿಂದ ತಿಂದಂತೆಯೇ ದೊಮಿತಿಲಾ ಒಂದು ಚಮಚ ತಿಂದಳು. ಎರಡನೆಯದು ಬಾಯಿಗೆ ತರುವಾಗ ಹಬೆ ಮುಖಕ್ಕೆ ಹೊಡೆಯಿತು. ಕೈ ಅರ್ಧದಲ್ಲಿ ನಿಂತಿತು. ಮೂಗಿನ ಹೊಳ್ಳೆ ತಾನಾಗಿ ಮುದುಡಿತು. ಇದು ನಿಜವೋ, ಅತ್ತೆಗಾಗಿ ತಾನೇ ಮಾಡಿದ್ದೋ ಎಂದು ಯೋಚಿಸುವಷ್ಟರಲ್ಲಿ ಇನ್ನೊಂದು ಕೈ ಮೂಗು ಮುಚ್ಚಿತ್ತು. ಬಟ್ಟಲನ್ನು ದೂರ ತಳ್ಳಿದಳು.

"ಏನಾಯ್ತೇ?"

"ಇದನ್ನ ಮನುಷ್ಯರು ತಿಂತಾರಾ ಅತ್ತೆ?"

ಸತುರ್ನಿನಾ ಒಲೆಯ ಕಡೆ ತಿರುಗಿ ಬೆಂಕಿ ಕೆದಕಿದಳು. ಕೆದಕಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೆದಕಿದಳು. "ಗುಂಡಿ ತೆರೆದಾಗಿಂದ ಮಡಕೆ ಮಡಕೆ ಖಾಲಿ ಮಾಡಿದ್ಲು. ಈಗ ಬೇಡ್ವಂತೆ" ಎಂದು ಬೆಂಕಿಗೆ ಹೇಳಿದಳು.

ದೊಮಿತಿಲಾಳಿಗೆ ಸಂತೋಷವೇನೂ ಆಗಲಿಲ್ಲ. ಒಳಗೆ ಇನ್ನೂ ಖಾಲಿಯೇ ಇತ್ತು, ದೊಡ್ಡ ಮನೆಯ ಯಾವುದೋ ಒಂದು ಮೂಲೆಯಲ್ಲಿ ಯಾರೋ ಏನನ್ನೋ ಸರಿಸಿದಷ್ಟೇ ಸದ್ದು. ಲುಸ್ಮಿ ಗಿನಿಯಿಲಿಯನ್ನು ಬಿಟ್ಟು ಬಂದು, ಅನುಮಾನಿಸುತ್ತಾ, ಅಮ್ಮನ ಮಡಿಲಿಗೆ ಬೆನ್ನುಹಾಕಿ ಕೂತಿತು. ದೊಮಿತಿಲಾಳ ಕೈ ಅಭ್ಯಾಸದಂತೆ ಅದರ ಕಾಲಿಗೆ ಹೋಯಿತು. ಬರಿಗಾಲು. ಹಳ್ಳದ ಕಲ್ಲಿನಷ್ಟು ತಣ್ಣಗೆ.

ಇನ್ನೊಂದು ಕಾಲನ್ನೂ ಹಿಡಿದು ನೋಡಿದಳು. ಅದೂ ಹಾಗೇ ಇತ್ತು. ಎದೆಯ ಕೆಳಗೆ ಎಲ್ಲೋ ಸಣ್ಣಗೆ ಚುಚ್ಚಿದಂತಾಯಿತು, ಮರಗಟ್ಟಿದ ಬೆರಳಿಗೆ ರಕ್ತ ಮರಳುವಾಗ ಚುಚ್ಚುವಂತೆ. ಹಿತವಾಗಿರಲಿಲ್ಲ.

"ಅತ್ತೆ, ಇವಳ ಕಾಲ್ಚೀಲ ಎಲ್ಲಿ?"

"ನನ್ನೇನು ಕೇಳ್ತೀಯ?"

"ಬೆಳಗ್ಗೆಯಿಂದ ಹೀಗೇ ಓಡಾಡಿದ್ದಾಳಾ? ಎದೆಗೆ ಕಫ ಕಟ್ಟಿದ್ರೆ ಏನ್ ಮಾಡ್ತೀರಿ?"

ಸತುರ್ನಿನಾ ಎದ್ದು ನೀರಿನ ಪಾತ್ರೆಯನ್ನು ಒಲೆಯ ಮೇಲಿಟ್ಟಳು. ದೊಮಿತಿಲಾ ಮಗುವಿನ ಎರಡೂ ಪಾದಗಳನ್ನು ತನ್ನ ಕಂಕುಳಲ್ಲಿ ಸಿಕ್ಕಿಸಿಕೊಂಡು, ಕತ್ತಲಾಗುತ್ತಿದ್ದ ಆ ಕೋಣೆಯಲ್ಲಿ ಕಾಲ್ಚೀಲಕ್ಕಾಗಿ ಕಣ್ಣಾಡಿಸತೊಡಗಿದಳು.